ಮಣ್ಣಿನಲ್ಲಿ ಉಳಿದ ಎರಡು ಬೋಲ್ಟು

ಒಣಗಿದ ಎರಿ ಮಣ್ಣಿನ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ವಾಸನೆಯನ್ನು ಹೊಗಳದವರಿಲ್ಲ. ನನ್ನ ಬಾಲ್ಯದ ವಾಸನೆ ಅದಲ್ಲ; ಅದಕ್ಕೆ ಸುಟ್ಟ ಆಯಿಲ್ ಬೆರೆತರೆ ಏನು ಬರುತ್ತದೋ ಅದು. ನನ್ನ ಮನೆಯ ಕಪಾಟಿನ ಮೇಲೆ ಹಿಟ್ಟು ನಾದುವ ಹಳೆಯ ಪರಾತವೊಂದಿದೆ. ಅದರ ತುಂಬ ಕಲ್ಲಿನ ಹಾಗೆ ಒಣಗಿದ ಕರಿ ಮಣ್ಣು, ಮಣ್ಣಿನ ತುಂಬ ಬೆರಳು ಗಾತ್ರದ ತೂತುಗಳು. ಎಲ್ಲ ತೂತುಗಳೂ ಖಾಲಿ, ಎರಡರಲ್ಲಿ ಮಾತ್ರ ಬೋಲ್ಟುಗಳು ನಿಂತಿವೆ. ಮಳೆಗಾಲದ ತೇವಕ್ಕೆ ಆ ಮಣ್ಣು ಮೇಲೆ ಮೇಲೆ ಮೆತ್ತಗಾಗಿ ವಾಸನೆ ಬಿಡುತ್ತದೆ. ಆಗ ನಾನು ಎಲ್ಲೇ ಕೂತಿರಲಿ, ಗಜೇಂದ್ರಗಡದ ನಮ್ಮ ಶೆಡ್ಡಿನಲ್ಲಿ ನಿಂತಿರುತ್ತೇನೆ. ಆ ಶೆಡ್ಡು ಈಗಿಲ್ಲ, ಅದರ ಜಾಗದ ಮೇಲೆ ಲಾರಿಗಳು ಓಡಾಡುತ್ತವೆ. ನೀವೂ ಇಂಥದ್ದೊಂದು ಮನೆಯನ್ನು ಕಳೆದುಕೊಂಡವರೇ ಇರಬಹುದು. ಇದ್ದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಾನು ನಿಮ್ಮನ್ನು ಕೂಡಿ ಅಳಲಿಕ್ಕೆ ಕರೆದಿಲ್ಲ. ನನ್ನದೊಂದು ಜಗಳ ಇನ್ನೂ ಮುಗಿದಿಲ್ಲ, ಅದಕ್ಕೆ ಸಾಕ್ಷಿ ಬೇಕಾಗಿದೆ.

ಶೆಡ್ಡು ನನ್ನ ಅಜ್ಜ ಇಮಾಮಸಾಬನದು. ನಮ್ಮ ಮನೆತನದವರು ಹತ್ತಿ ಹಿಂಜಿ ಗಾದಿ ತುಂಬುವವರು. ಅಜ್ಜ ಹರೆಯದಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಗೆ ಕೂಲಿಗೆ ಹೋದವನು ಅಲ್ಲಿಯ ಎಂಜಿನ್ನಿಗೆ ಮನಸ್ಸು ಕೊಟ್ಟು, ಹತ್ತು ವರ್ಷದ ಮೇಲೆ ಬೋಲ್ಟು ಬಿಚ್ಚುವ ಪಾನಾಗಳ ಒಂದು ಪೆಟ್ಟಿಗೆ ಹೊತ್ತುಕೊಂಡು ಊರಿಗೆ ಬಂದನಂತೆ. ಮನೆಯ ಮುಂದೆ ರೋಣದ ರಸ್ತೆಗೆ ಹತ್ತಿದಂತೆ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿ ಬಾಗಿಲು ಇಟ್ಟ. ಹೊಲದ ಪಂಪು, ಗಿರಣಿಯ ಎಂಜಿನ್, ಟ್ರ್ಯಾಕ್ಟರು, ಯಾವುದು ಬಂದರೂ ಇಲ್ಲ ಎನ್ನಲಿಲ್ಲ. ಓದು ಬರಹ ಬಾರದ ಮನುಷ್ಯ. ಆದ್ದರಿಂದ ಅವನಿಗೊಂದು ಪದ್ಧತಿ ಇತ್ತು. ಯಾವ ಎಂಜಿನ್ ಬಿಚ್ಚಿದರೂ ಮೊದಲು ರೋಣದ ಕಡೆಯ ಎರಿ ಮಣ್ಣನ್ನು ಸುಟ್ಟ ಆಯಿಲ್ ಹಾಕಿ ರೊಟ್ಟಿ ಹಿಟ್ಟಿನ ಹಾಗೆ ನಾದಿ, ಪರಾತದಲ್ಲಿ ತಟ್ಟಿ, ಅದರ ಮೇಲೆ ಎಂಜಿನ್ನಿನ ಮುಖದ ಚಿತ್ರವನ್ನು ಮೊಳೆಯಿಂದ ಗೀರುತ್ತಿದ್ದ. ಆಮೇಲೆ ಬಿಚ್ಚಿದ ಒಂದೊಂದು ಬೋಲ್ಟನ್ನೂ ಚಿತ್ರದಲ್ಲಿ ಅದು ಇದ್ದ ಜಾಗಕ್ಕೇ ಚುಚ್ಚಿ ನಿಲ್ಲಿಸುತ್ತಿದ್ದ. ಆಯಿಲ್ ಕುಡಿದ ಮಣ್ಣು ಬಿರಿಯುತ್ತಿರಲಿಲ್ಲ. ವಾರ ಬಿಟ್ಟು ಬಂದರೂ, ತಿಂಗಳು ಬಿಟ್ಟು ಬಂದರೂ ಯಾವುದು ಎಲ್ಲಿಯದು ಎಂದು ಕೇಳುವ ಹಾಗಿಲ್ಲ. "ಎಲ್ಲಾ ಬೋಲ್ಟಿಗೂ ತನ್ನ ಮನಿ ಗೊತ್ತಿರತೈತಿ. ನೀವು ಅದನ್ನ ದಾರಿ ತಪ್ಪಸಬ್ಯಾಡ್ರಿ" ಎನ್ನುತ್ತಿದ್ದ. ಈ ಪದ್ಧತಿಗೆ ನನ್ನ ಅವ್ವನ ಮೂರು ಪರಾತ ಬಲಿಯಾದವು. ನಾಲ್ಕನೆಯದನ್ನು ಅವಳು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದಳು.

ಅಜ್ಜನಿಗೆ ಇಬ್ಬರು ಮಕ್ಕಳು. ದೊಡ್ಡವನು ನನ್ನ ಅಪ್ಪ. ಅವನಿಗೆ ಗ್ರೀಸು ಕಂಡರೆ ಆಗುತ್ತಿರಲಿಲ್ಲ. ಬಜಾರದಲ್ಲಿ ಗಾದಿ ಅಂಗಡಿ ಇಟ್ಟು ಹತ್ತಿಯ ಜೊತೆ ಬೆಳ್ಳಗೆ ಬದುಕಿದವನು. ಚಿಕ್ಕವಳು ಮಾಬೂಬಿ ಅತ್ತಿ. ಅವಳನ್ನು ನರಗುಂದಕ್ಕೆ ಕೊಟ್ಟಿದ್ದರು. ಅಲ್ಲಿ ಗಂಡನ ಮೋಟಾರ್ ಸೈಕಲ್ ಕೆಟ್ಟು ನಿಂತಾಗ ಅತ್ತಿ ಬಾಗಿಲ ಮುಂದೆಯೇ ಕೂತು ಬಿಚ್ಚಿ ಸರಿ ಮಾಡಿದಳು. ಓಣಿಯವರೆಲ್ಲ ನೋಡಿದರು, ತನ್ನ ಮಾನ ಹೋಯಿತು ಎಂದು ಅವನು ಅದೇ ಪಾನಾದಿಂದ ಅವಳ ಭುಜಕ್ಕೆ ಹೊಡೆದ. ಮರುದಿನ ಅತ್ತಿ ಟ್ರಂಕು ಹಿಡಿದು ಗಜೇಂದ್ರಗಡದ ಬಸ್ಸು ಹತ್ತಿದಳು. ನಮ್ಮ ಓಣಿಯಲ್ಲಿ ಯಾರಾದರೂ "ಗಂಡ ಬಿಟ್ಟಾಕಿ" ಅಂದರೆ ಸಾಕು, ಕೈಯಲ್ಲಿಯ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದಳು: "ಆಂವ ಬಿಟ್ಟಿಲ್ಲ, ನಾ ಬಿಟ್ಟು ಬಂದೀನಿ. ಹೇಳೂದಿದ್ರ ಸರಿ ಹೇಳ್ರಿ." ಸೀರೆಯ ಮೇಲೆ ಅಜ್ಜನ ಹಳೆಯ ಅಂಗಿ ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಗಿಸಿ, ಅವಳು ಎಂಜಿನ್ನಿನ ಕೆಳಗೆ ತೂರಿಕೊಂಡರೆ ಹೊರಗೆ ಕಾಣುವುದು ಎರಡು ಹಿಮ್ಮಡಿ ಮಾತ್ರ. ಸಾಲೆಯಲ್ಲಿ ನನ್ನನ್ನು ಹುಡುಗಿಯರು "ಗ್ಯಾರೇಜಿನಾಕಿ" ಎಂದು ಕರೆಯುತ್ತಿದ್ದುದು ಅವಳಿಂದಾಗಿ. ನನಗೆ ಆಗ ಹತ್ತೋ ಹನ್ನೊಂದೋ ವರ್ಷ. ಆ ಹೆಸರಿಗೆ ನಾನು ನಾಚಿ ಸಾಯುತ್ತಿದ್ದೆ.

ಆ ವರ್ಷಗಳು ನಿಮಗೆ ನೆನಪಿರಬಹುದು. ಎರಡು ಸಾವಿರದ ಇಸವಿ ದಾಟಿ ನಾಲ್ಕಾರು ವರ್ಷವಾಗಿತ್ತು. ನಮ್ಮ ಗುಡ್ಡದ ಮೇಲೆ ಗಾಳಿಯಂತ್ರ ನೆಡುತ್ತಿದ್ದರು. ಅದರ ಒಂದೊಂದು ರೆಕ್ಕೆಯೂ ಉದ್ದನೆಯ ಟ್ರೇಲರಿನ ಮೇಲೆ ಮಲಗಿಕೊಂಡು ಬಂದಾಗ ತಿರುವಿನಲ್ಲಿ ಅರ್ಧ ದಿನ ಬಸ್ಸು ನಿಲ್ಲುತ್ತಿದ್ದವು. ನೇಕಾರರ ಓಣಿಯಲ್ಲಿ ಮಗ್ಗದ ಸಪ್ಪಳ ಇನ್ನೂ ಇತ್ತು. ಮೊಬೈಲು ನಾಲ್ಕು ಜನರ ಕಿಸೆಯಲ್ಲಿತ್ತು, ಉಳಿದವರು ಬಸ್ ನಿಲ್ದಾಣದ ಬೂತಿನ ಗಾಜಿನ ಪೆಟ್ಟಿಗೆಯಲ್ಲಿ ನಿಂತು ಕೂಗುತ್ತಿದ್ದರು. ಅಂಥ ದಿನಗಳಲ್ಲಿ ಒಂದು ಮುಂಜಾನೆ ರೋಣದ ಶಿವಪ್ಪ ಸಾಹುಕಾರರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಒಂದು ಕೆಂಪು ಗಾಡಿಯನ್ನು ಎಳೆದುಕೊಂಡು ಬಂದರು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ಕೂತರೆ ನೆಲವೇ ಕೈಗೆ ಸಿಗುವಷ್ಟು ಗಿಡ್ಡ. ಸಾಹುಕಾರರ ತಂದೆ ಹತ್ತಿ ವ್ಯಾಪಾರಕ್ಕೆ ಮುಂಬಯಿಗೆ ಹೋದಾಗ ಶೋಕಿಗೆ ಬಿದ್ದು ತಂದ ವಿಲಾಯತಿ ಗಾಡಿ, ರೇಸಿನ ಗಾಡಿಯಂತೆ. ಓಣಿಯ ನಾಯಿ ಕೂಡ ಅದರ ಸುತ್ತ ಒಂದು ಸುತ್ತು ಹಾಕಿ ನೋಡಿತು.

ಗಾಡಿಗೆ ಬಂದ ರೋಗ ಒಂದೇ. ಎಂಜಿನ್ನಿನ ಮುಂಭಾಗದಲ್ಲಿ ಕೆಳಗೊಂದು ಹಲ್ಲಿನ ಗಾಲಿ, ಮೇಲೊಂದು ಹಲ್ಲಿನ ಗಾಲಿ, ಎರಡನ್ನೂ ಕೂಡಿಸುವ ಒಂದು ಚೈನು ಇರುತ್ತದೆ. ಕೆಳಗಿನದು ತಿರುಗಿದ ಹದಕ್ಕೇ ಮೇಲಿನದು ತಿರುಗಿ ಎಂಜಿನ್ನಿನ ಉಸಿರಿನ ಬಾಗಿಲುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಬೇಕು. ಬೀಸುವ ಕಲ್ಲಿನ ಒಂದೇ ಗೂಟ ಹಿಡಿದು ಇಬ್ಬರು ಹೆಂಗಸರು ಬೀಸಿದ ಹಾಗೆ ಅದು. ಒಬ್ಬಳು ಚೂರು ತಡ ಮಾಡಿದರೂ ಇನ್ನೊಬ್ಬಳ ಮಣಿಕಟ್ಟಿಗೆ ನೋವು. ಈ ಗಾಡಿಯ ಚೈನು ಸಡಿಲಾಗಿ ಡಬ್ಬಿಯಲ್ಲಿ ಹುರಿದ ಅಳ್ಳಿಕಾಳು ಹಾಕಿ ಅಲ್ಲಾಡಿಸಿದಂತೆ ಸಪ್ಪಳ ಮಾಡುತ್ತಿತ್ತು, ಕಡೆಗೊಂದು ದಿನ ಹಲ್ಲು ಹಾರಿ ಗಾಡಿ ನಿಂತೇಬಿಟ್ಟಿತ್ತು. ಹಿಂದೆ ಎರಡು ಸಲ ದೊಡ್ಡ ಪಟ್ಟಣಕ್ಕೆ ಒಯ್ದು ಹೊಸ ಚೈನು ಹಾಕಿಸಿದ್ದರು. ಎರಡೂ ಸಲ ಅದು ವರ್ಷ ತುಂಬುವುದರೊಳಗೆ ಸಡಿಲಾಗಿತ್ತು. ಅಜ್ಜ ಪರಾತದಲ್ಲಿ ಮಣ್ಣು ತಟ್ಟಿ ಗಾಡಿಯ ಮುಂಭಾಗ ಬಿಚ್ಚಿದ. ಬೋಲ್ಟುಗಳೆಲ್ಲ ಮಣ್ಣಿಗೆ ಹೋದವು. ಅವತ್ತೇ ಅಜ್ಜನಿಗೂ ಮಗಳಿಗೂ ಜಗಳ ಹತ್ತಿತು.

"ಅಬ್ಬಾ, ಎರಡ ಸಲ ಒಂಟಿ ಚೈನ ಹಾಕ್ಯಾರ, ಎರಡೂ ಸಲ ಸಡ್ಲ ಬಿದ್ದೈತಿ. ಈ ಸಲ ಜೋಡಿ ಹಲ್ಲಿನ ಗಾಲಿ ತರಸಿ ಜೋಡಿ ಚೈನ ಹಾಕೂಣು" ಅಂದಳು ಅತ್ತಿ.

"ಮಾಡಿದಾವ ನಿನಗಿಂತ ಶಾಣ್ಯಾ ಇದ್ದಾನ. ಆಂವ ಏನ ಹಾಕ್ಯಾನ ಅದನ್ನ ಹಾಕೂದು ನಮ್ಮ ಕೆಲಸ."

"ಮಾಡಿದಾವ ನಮ್ಮ ರೋಣದ ರೋಡ ನೋಡಿದ್ನೇನು?"

ಅಜ್ಜ ನಗಲಿಲ್ಲ. ಹಳೆಯದನ್ನು ಇದ್ದ ಹಾಗೆ ಮಾಡಿ ಕೊಡುವುದೇ ಅವನ ಪ್ರಕಾರ ಈಮಾನು. ಅತ್ತಿಯ ಪ್ರಕಾರ, ಎರಡು ಸಲ ಸೋತದ್ದನ್ನು ಮೂರನೇ ಸಲ ಹಾಕುವುದು ಬುದ್ಧಿಗೇಡಿತನ. ಮೂರು ದಿನ ಇಬ್ಬರೂ ಮಾತು ಬಿಟ್ಟು, ಪಾನಾ ಬೇಕಾದಾಗ ನನ್ನ ಅವ್ವನ ಮೂಲಕ ಕೇಳಿಕೊಂಡರು. ನಾಲ್ಕನೆಯ ದಿನ ಅಜ್ಜ ನಸುಕಿನ ಫಜರ್ ನಮಾಜಿಗೆ ಎದ್ದವನು ಎದೆ ಹಿಡಿದುಕೊಂಡು ಕೂತ. ದವಾಖಾನೆ ಮುಟ್ಟಲಿಲ್ಲ. ಗಾಡಿ ಬಾಯಿ ತೆರೆದುಕೊಂಡು ಶೆಡ್ಡಿನಲ್ಲೇ ಉಳಿಯಿತು. ಮಣ್ಣಿನ ಮೇಲೆ ಅಜ್ಜನ ಹೆಬ್ಬೆರಳಿನ ಗುರುತು ಒಣಗಿ ಗಟ್ಟಿಯಾಯಿತು. ಅತ್ತಿ ಅಜ್ಜನ ಜೊತೆ ಕಡೆಯದಾಗಿ ಆಡಿದ್ದು ಜಗಳವೇ. ಅದನ್ನು ಅವಳು ಯಾರೆದುರೂ ಹೇಳಲಿಲ್ಲ, ಮರೆಯಲೂ ಇಲ್ಲ.

ನಲವತ್ತನೆಯ ದಿನದ ಫಾತಿಹಾ ಮುಗಿದು ನೆಂಟರು ಹೋದ ಮೇಲೆ ಅಪ್ಪ ಮಾತು ತೆಗೆದ. ಮೋಟಾರ್ ಸೈಕಲ್ಲಿನ ಷೋರೂಮು ಇಡುವವರು ಶೆಡ್ಡಿನ ಜಾಗ ಬಾಡಿಗೆಗೆ ಕೇಳಿದ್ದರು. ಅಪ್ಪ ಕೆಟ್ಟವನಲ್ಲ, ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ. ಅಜ್ಜ ಇರುವತನಕ ಅತ್ತಿ ಶೆಡ್ಡಿನಲ್ಲಿ ಕೂತರೆ ಮಗಳು ತಂದೆಯ ಜೊತೆ ಇದ್ದಾಳೆ ಎಂದು ಜನ ಅನ್ನುತ್ತಿದ್ದರು. ಇನ್ನು ಒಬ್ಬಳೇ ಕೂತರೆ ಊರ ಬಾಯಿಗೆ ಬೀಳುತ್ತಾಳೆ ಎನ್ನುವುದು ಅವನ ಹೆದರಿಕೆ. ಹೆದರಿದವರು ಮಾಡುವ ಅನ್ಯಾಯ ಕೆಟ್ಟವರದಕ್ಕಿಂತ ಕಡಿಮೆ ಏನಲ್ಲ ಎಂದು ಈಗ ನನಗೆ ಅನ್ನಿಸುತ್ತದೆ, ಅದು ಬೇರೆ ಮಾತು. ಅತ್ತಿ ಅಳಲಿಲ್ಲ, ಕೈ ಮುಗಿಯಲಿಲ್ಲ. ಆ ಕೆಂಪು ಗಾಡಿಯ ಕಡೆ ಕೈ ಮಾಡಿ ಹೇಳಿದಳು: "ಅಣ್ಣಾ, ಅಬ್ಬಾ ಬಿಚ್ಚಿಟ್ಟ ಗಾಡಿ ಐತಿ ಅದು. ನಾ ಅದನ್ನ ಚಾಲೂ ಮಾಡಿದ್ರ ಶೆಡ್ಡು ನಂದು. ಆಗಲಿಲ್ಲಂದ್ರ ನಾನ ಕೀಲಿ ಹಾಕಿ ಕೀಲಿಕೈ ನಿನ್ನ ಕೈಯಾಗ ಇಡ್ತೀನಿ, ಮತ್ತ ಪಾನಾ ಮುಟ್ಟೂದಿಲ್ಲ." ಅಪ್ಪ "ಆತು" ಅಂದ. ಶಿವಪ್ಪ ಸಾಹುಕಾರರಿಗೂ ಬೇರೆ ದಾರಿ ಇರಲಿಲ್ಲ. ಬಿಚ್ಚಿದ ಗಾಡಿಯನ್ನು ಇನ್ನೊಬ್ಬರ ಹತ್ತಿರ ಒಯ್ದರೆ ಅವರಿಗೆ ಅಜ್ಜನ ಮಣ್ಣು ಓದಲಿಕ್ಕೆ ಬರಬೇಕಲ್ಲ.

ಅತ್ತಿ ಬೂತಿನಲ್ಲಿ ನಿಂತು ಮುಂಬಯಿಗೆ ಫೋನು ಹಚ್ಚಿದಳು. ಹಳೆಯ ವಿಲಾಯತಿ ಗಾಡಿಗಳ ಸಾಮಾನು ಮಾರುವವನೊಬ್ಬ ಸಾಹುಕಾರರಿಗೆ ಪರಿಚಯ. ಅಜ್ಜ ಹೇಳಿಟ್ಟಿದ್ದ ಒಂಟಿ ಚೈನನ್ನು ಬೇಡ ಅಂದು, ಜೋಡಿ ಚೈನಿನ ಪೂರಾ ಸೆಟ್ಟು ಕಳಿಸಲು ಹೇಳಿದಳು. ಗಾಜಿನ ಪೆಟ್ಟಿಗೆಯ ಹೊರಗೆ ನಿಂತವರಿಗೆಲ್ಲ ಕೇಳಿಸುವಂತೆ "ಜೋಡಿ, ಜೋಡಿ, ಒಂಟಿ ಅಲ್ಲ" ಎಂದು ಕೂಗಿದಳು. ಹತ್ತು ಹನ್ನೆರಡು ದಿನಕ್ಕೆ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಎರಡು ಸಾಲು ಹಲ್ಲಿನ ಎರಡು ಗಾಲಿ, ಎರಡು ಪಟ್ಟು ಅಗಲದ ಚೈನು, ಮತ್ತು ಒಂದು ಪುಟ್ಟ ಪೊಟ್ಟಣದಲ್ಲಿ ಚಪ್ಪಟೆ ತಲೆಯ ಎರಡು ಸ್ಕ್ರೂ. ಕಾಗದ ಪತ್ರ ಏನೂ ಇರಲಿಲ್ಲ. ಗಾಲಿ, ಚೈನು ಯಾಕೆಂದು ಅತ್ತಿಗೆ ಗೊತ್ತು. ಆ ಎರಡು ಸ್ಕ್ರೂ ಮಾತ್ರ ಯಾವುದಕ್ಕೆ ಎಂದು ತಿಳಿಯಲಿಲ್ಲ. ಪರಾತದ ಮುಂದೆ ಕೂತು ಒಂದೊಂದು ತೂತೂ ನೋಡಿದಳು. ಎಲ್ಲ ತೂತಿನಲ್ಲೂ ಅದರದರ ಬೋಲ್ಟು ನಿಂತಿತ್ತು. "ಅಬ್ಬಾನ ಮಣ್ಣಿನ್ಯಾಗ ಇವಕ್ಕ ಮನಿ ಇಲ್ಲ. ಮತ್ಯಾವುದೋ ಗಾಡಿದು ತಪ್ಪಿ ಬಂದಾವು" ಅಂದು ಪೊಟ್ಟಣವನ್ನು ಗೂಡಿನಲ್ಲಿ ಇಟ್ಟುಬಿಟ್ಟಳು. ಬೇರೆ ಯಾವ ಮೆಕ್ಯಾನಿಕ್ ಆದರೂ ಆ ಸ್ಕ್ರೂ ಕಂಡು ಎರಡು ಸಲ ಯೋಚಿಸುತ್ತಿದ್ದ. ಆ ಮಣ್ಣಿನಲ್ಲಿ ಕೈಯಾಡಿಸಿ ಬೆಳೆದವಳು ಮಾತ್ರ ಮಾಡಬಹುದಾದ ತಪ್ಪು ಅದು.

ಕೂಡಿಸುವ ಕೆಲಸಕ್ಕೆ ಅವಳಿಗೆ ಮೂರು ದಿನ ಹಿಡಿಯಿತು. ಹೊಸ ಗಾಲಿಗಳ ಮೇಲೆ ಸಾಸಿವೆಯಷ್ಟು ಒಂದೊಂದು ಚುಕ್ಕೆ ಇತ್ತು. "ಎರಡೂ ಚುಕ್ಕಿ ಮಾರಿಗೆ ಮಾರಿ ನೋಡಬೇಕು, ಬಾಜೂಕ ನೋಡಿದ್ರ ಎಂಜಿನ್ ಉಸರ ಎಳೆಯಂಗಿಲ್ಲ" ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಚೈನು ಏರಿಸಿದಳು. ಎರಡು ಗಾಲಿಗಳೂ ಒಂದೇ ನೇರದಲ್ಲಿವೆಯೋ ಎಂದು ನೋಡಲು ಅವಳ ಹತ್ತಿರ ಇದ್ದದ್ದು ನೇಕಾರರ ಮನೆಯಿಂದ ತಂದ ನೆಟ್ಟನೆಯ ಬಿದಿರ ಪಟ್ಟಿ. ಬೋಲ್ಟುಗಳನ್ನು ಮಣ್ಣಿನಿಂದ ಒಂದೊಂದಾಗಿ ಕಿತ್ತು, ಒರೆಸಿ, ಅದರದರ ತೂತಿಗೇ ಕಳಿಸಿದಳು. ಕಡೆಯ ಬೋಲ್ಟು ಕಿತ್ತಾಗ ಪರಾತದ ಮಣ್ಣಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು. ಮಾತು ಮೀರಿ ಜೋಡಿ ಚೈನು ಹಾಕಿದ್ದಕ್ಕೆ ಅಜ್ಜನಿಗೆ ಕೊಟ್ಟ ತಪ್ಪೊಪ್ಪಿಗೆ ಅದು ಎಂದು ನನಗೆ ಈಗ ತಿಳಿಯುತ್ತದೆ. ಚೈನಿನ ವಿಷಯದಲ್ಲಿ ಸೋಲದಿದ್ದವಳು ಬೋಲ್ಟಿನ ವಿಷಯದಲ್ಲಿ ಅವನ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸಿದ್ದಳು.

ಚಾಲೂ ಮಾಡುವ ದಿನ ಸಂತೆ. ಸಾಹುಕಾರರು ರೋಣದಿಂದ ಜೀಪಿನಲ್ಲಿ ನಾಲ್ಕು ಜನರನ್ನು ಕೂಡಿಸಿಕೊಂಡು ಬಂದಿದ್ದರು. ಸಂತೆಗೆ ಬಂದ ಸೂಡಿ, ರಾಜೂರಿನವರೂ ಚೀಲ ಹೆಗಲಿಗೆ ಹಾಕಿಕೊಂಡು ನಿಂತರು. ಅಪ್ಪ ಅಂಗಡಿ ಮುಚ್ಚಿ ಬಂದಿದ್ದ. ಕೈಯಲ್ಲಿ ಶೆಡ್ಡಿಗೆ ಹಾಕಲು ತಂದ ಹೊಸ ಕೀಲಿ ಹಿಡಿದಿದ್ದ. ಮಧ್ಯಾಹ್ನದ ಝೊಹರ್ ನಮಾಜು ಮುಗಿದ ಮೇಲೆ ಅತ್ತಿ ಸೀಟಿನಲ್ಲಿ ಕೂತು ಚಾವಿ ತಿರುವಿದಳು. ಎಂಜಿನ್ ಎರಡು ಸಲ ಕೆಮ್ಮಿ ಚಾಲೂ ಆಯಿತು. ಜನ "ಹೋ" ಅಂದರು. ಅತ್ತಿ ಮೆಲ್ಲಗೆ ಪೆಡಲು ಒತ್ತಿದಳು, ಎಂಜಿನ್ನಿನ ದನಿ ಏರಿತು. ಏರಿದ್ದೇ ತಡ, ಮುಂಭಾಗದಿಂದ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸಪ್ಪಳ ಬಂತು. ಹಲ್ಲು ಜುಮ್ಮೆನ್ನುವಂಥ ಸಪ್ಪಳ. ಅತ್ತಿ ತಟ್ಟನೆ ಬಂದ್ ಮಾಡಿದಳು. ಖರೇ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಂತೋಷವಾಯಿತು. ಇನ್ನು ಶೆಡ್ಡು ಮುಚ್ಚುತ್ತದೆ, ಇನ್ನು ನನ್ನನ್ನು ಯಾರೂ ಗ್ಯಾರೇಜಿನಾಕಿ ಎನ್ನುವುದಿಲ್ಲ ಎಂದು. ಅದಕ್ಕಾಗಿ ನಾನು ನನ್ನನ್ನು ಇವತ್ತಿನತನಕ ಕ್ಷಮಿಸಿಲ್ಲ.

ಗುಂಪಿನಲ್ಲಿದ್ದ ಹಿರಿಯನೊಬ್ಬ ಬಾಯಲ್ಲಿಯ ಎಲೆಅಡಿಕೆ ಉಗುಳಿ "ಹೆಣ್ಣಮಕ್ಕಳು ರೊಟ್ಟಿ ಬಡೀಬೇಕವಾ, ಎಂಜಿನ್ ಅಲ್ಲ" ಅಂದ. ಜನ ನಕ್ಕರು. ಅತ್ತಿ ಬಾನೆಟ್ ಎತ್ತುತ್ತ, ತಿರುಗಿಯೂ ನೋಡದೆ ಹೇಳಿದಳು: "ರೊಟ್ಟಿನೂ ಬಡೀತೀನಿ ಕಾಕಾ. ನಿಮ್ಮ ಮನ್ಯಾಗ ಯಾವತ್ತೂ ರೊಟ್ಟಿ ಹೊತ್ತಿಲ್ಲೇನು? ಹೊತ್ತಿದ ಕೂಡ್ಲೆ ಒಲಿ ಕೆಡವ್ತೀರಿ?" ಈ ಸಲ ಜನ ಆ ಹಿರಿಯನನ್ನು ನೋಡಿ ನಕ್ಕರು. ಅಪ್ಪ ನಗಲಿಲ್ಲ. ಮುಂದೆ ಬಂದು ಕೀಲಿ ಚಾಚಿದ. "ಸಾಕು ಮಾಬೂ. ಮಾತು ಕೊಟ್ಟೀ" ಅಂದ. "ಕೊಟ್ಟೀನಿ. ಹೊತ್ತು ಇನ್ನೂ ಮುಳಗಿಲ್ಲ. ಮಗ್ರಿಬಿನ ಬಾಂಗ್ ಆಗೂತನಾ ತಡಿ" ಎಂದು ಅತ್ತಿ ಪಾನಾ ಎತ್ತಿಕೊಂಡಳು. ಸಾಹುಕಾರರು ಗಡಿಯಾರ ನೋಡಿಕೊಂಡು, ಶೆಡ್ಡಿನ ಕಟ್ಟೆಯ ಮೇಲೆ ರುಮಾಲು ಹಾಸಿ ಕೂತುಬಿಟ್ಟರು. ಅವರು ಅವತ್ತು ಎದ್ದು ಹೋಗಿದ್ದರೆ ನಮ್ಮ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಮುಂಭಾಗದ ಮುಚ್ಚಳ ಮತ್ತೆ ಕೆಳಗಿಳಿಯಿತು. ಚೈನಿನ ಹಿಂದೆ ಒಂದು ಉಕ್ಕಿನ ಪ್ಲೇಟು, ಅದನ್ನು ಎಂಜಿನ್ನಿಗೆ ಹಿಡಿದಿಟ್ಟ ಬೋಲ್ಟುಗಳು. ಅವುಗಳಲ್ಲಿ ಎರಡರ ತಲೆ ಹೊಸ ಬೆಳ್ಳಿಯ ಹಾಗೆ ತಿಕ್ಕಿ ಹೊಳೆಯುತ್ತಿದ್ದವು. ಒಂಟಿ ಚೈನು ಇದ್ದಾಗ ಆ ತಲೆಗಳಿಗೆ ಜಾಗವಿತ್ತು. ಜೋಡಿ ಚೈನು ಅಗಲ, ಕೈಯಿಂದ ತಿರುವಿದಾಗ ಕೂದಲೆಳೆಯಲ್ಲಿ ಪಾರಾಗಿ, ಓಟಕ್ಕೆ ಬಿದ್ದಾಗ ಆಡಿ ತಾಗಿತ್ತು. ಅತ್ತಿ ಆ ಎರಡು ಹೊಳಪನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತಳು. ಆಮೇಲೆ ಎದ್ದು ಗೂಡಿನಿಂದ ಆ ಪುಟ್ಟ ಪೊಟ್ಟಣ ತಂದು ಚಪ್ಪಟೆ ತಲೆಯ ಎರಡು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ನನಗೆ ಅವಳ ಮುಖ ಕಾಣುತ್ತಿತ್ತು. ಅಜ್ಜ ಸತ್ತ ದಿನ ಅಳದವಳ ಕಣ್ಣಿಂದ ಆಗ ನೀರು ಬಂತು. "ಅಬ್ಬಾ, ಈ ಎರಡು ಮನಿ ನೀ ತಪ್ಪು ಹೇಳಿದಿ" ಅಂದಳು. ಸಿಟ್ಟಿನಿಂದಲೇ ಅಂದಳು, ಬದುಕಿದವರ ಜೊತೆ ಆಡುವ ಸಿಟ್ಟಿನಿಂದ.

ಚಪ್ಪಟೆ ತಲೆ ಪ್ಲೇಟಿನೊಳಗೆ ಪೂರಾ ಮುಳುಗಿ ಕೂಡಬೇಕಾದರೆ ತೂತಿನ ಬಾಯನ್ನು ಅಳತೆಗೆ ಸರಿಯಾಗಿ ಅಗಲ ಮಾಡಬೇಕು. ಅಳತೆ ತಪ್ಪಿದರೆ ಪ್ಲೇಟೇ ಹೋಯಿತು, ಇನ್ನೊಂದು ತರಿಸುವ ಹೊತ್ತಿಲ್ಲ. ಅಷ್ಟಕ್ಕೆ ಎಂದಿನಂತೆ ಕರೆಂಟು ಹೋಯಿತು. ಅತ್ತಿ ಗಾಲಿ, ಚೈನು, ಪ್ಲೇಟು ಎಲ್ಲ ಬಿಚ್ಚಿ, ಅಜ್ಜನ ಕೈಬೈರಿಗೆಗೆ ದಪ್ಪ ಮೊನೆ ಸಿಗಿಸಿದಳು. ಕೈಬೈರಿಗೆಗೆ ಎರಡು ಕೈ ಬೇಕು, ಪ್ಲೇಟು ಅಲ್ಲಾಡದಂತೆ ಹಿಡಿಯಲು ಇನ್ನೆರಡು. ಅವಳು ಸುತ್ತ ನೋಡಿದಳು. ನಿಂತವರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಅಪ್ಪ ಕೀಲಿಯನ್ನು ಜೇಬಿಗೆ ಹಾಕಿದ. ಬಿಳಿ ಅಂಗಿಯ ತೋಳು ಮಡಿಸಿ, ಗ್ರೀಸಿನ ನೆಲದ ಮೇಲೆ ಮೊಳಕಾಲೂರಿ ಕೂತು, ಪ್ಲೇಟನ್ನು ಎರಡೂ ಕೈಯಿಂದ ಒತ್ತಿ ಹಿಡಿದ. "ತಿರುವು" ಅಂದ, ಅಷ್ಟೇ. ಅತ್ತಿ ಎದೆಯ ಭಾರ ಹಾಕಿ ತಿರುವಿದಳು. ಉಕ್ಕಿನ ಸುರುಳಿಗಳು ಅಪ್ಪನ ಮಣಿಕಟ್ಟಿನ ಮೇಲೆ ಬಿದ್ದು ಸುಡುತ್ತಿದ್ದವು. ಅವನು ಕೈ ಬಿಡಲಿಲ್ಲ. ನಾಲ್ಕು ಸುತ್ತಿಗೊಮ್ಮೆ ನಿಲ್ಲಿಸಿ ಸ್ಕ್ರೂ ಇಟ್ಟು ನೋಡುವುದು, ಮತ್ತೆ ತಿರುವುವುದು. ಎರಡನೆಯ ಸ್ಕ್ರೂ ತೂತಿನಲ್ಲಿ ಮುಳುಗಿ ಪ್ಲೇಟಿಗೆ ಸಮನಾಗಿ ಕೂತಾಗ ಅತ್ತಿ ಅದರ ಮೇಲೆ ಹೆಬ್ಬೆರಳು ಆಡಿಸಿ ಅಪ್ಪನ ಹೆಬ್ಬೆರಳನ್ನೂ ಎಳೆದು ಆಡಿಸಿದಳು. ಏನೂ ತಾಗಲಿಲ್ಲ.

ಮತ್ತೆ ಚುಕ್ಕೆಗೆ ಚುಕ್ಕೆ ಕೂಡಿತು, ಚೈನು ಏರಿತು, ಮುಚ್ಚಳ ಮುಚ್ಚಿತು. ಮಸೀದಿಯಿಂದ ಬಾಂಗ್ ಕೇಳುವ ಮೊದಲು ಎಂಜಿನ್ ಚಾಲೂ ಆಯಿತು. ದನಿ ಏರಿಸಿದಳು, ಇಳಿಸಿದಳು, ಮತ್ತೆ ಏರಿಸಿದಳು. ಅಳ್ಳಿಕಾಳಿನ ಸಪ್ಪಳ ಇಲ್ಲ, ತಿಕ್ಕಾಟ ಇಲ್ಲ. ಸಾಹುಕಾರರು ರುಮಾಲು ಝಾಡಿಸಿಕೊಂಡು ಎದ್ದು "ಎವ್ವಾ, ಇದು ನಮ್ಮಪ್ಪ ತಂದಾಗಿನಕಿಂತ ಚಲೋ ಒದರಾಕತ್ತೈತಿ" ಅಂದರು. ಅಪ್ಪ ಕೀಲಿಯನ್ನು ಜೇಬಿನಿಂದ ತೆಗೆದು ಅತ್ತಿಯ ಪಾನಾ ಪೆಟ್ಟಿಗೆಯಲ್ಲಿ ಹಾಕಿದ. ಆಮೇಲೆ ಮಣಿಕಟ್ಟಿನ ಗ್ರೀಸು ಹೋಗಲೆಂದು ಅವ್ವನ ಹತ್ತಿರ ಸೀಮೆಎಣ್ಣೆ ಕೇಳಿದ.

ಗಾಡಿಯನ್ನು ಮುಟ್ಟಿಸುವ ಮೊದಲು ಓಡಿಸಿ ನೋಡಬೇಕು ಎಂದಳು ಅತ್ತಿ. ಎಲ್ಲಿಗೆ ಎಂದು ಸಾಹುಕಾರರು ಕೇಳಿದರೆ "ನರಗುಂದಕ್ಕ" ಅಂದಳು. ಮರುದಿನ ಮುಂಜಾನೆ ಅವಳು ಸ್ಟೇರಿಂಗ್ ಹಿಡಿದು, ಪಕ್ಕದಲ್ಲಿ ನನ್ನನ್ನು ಕೂಡಿಸಿಕೊಂಡು ಹೊರಟಳು. ಹಿಂದೆ ಜೀಪಿನಲ್ಲಿ ಸಾಹುಕಾರರು. ರೋಣ ದಾಟಿದ ಮೇಲೆ ಎರಡೂ ಕಡೆ ಎರಿ ಹೊಲ, ಕಡಲೆಯ ಹುಳಿ ವಾಸನೆ. ಗಾಳಿಗೆ ಅವಳ ಸೆರಗು ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ನರಗುಂದದ ಗುಡ್ಡ ಕಂಡಾಗ ಅವಳು ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಪೇಟೆ ಹಾದು ಒಂದು ಓಣಿಗೆ ತಿರುಗಿಸಿ, ತಾನು ಬಿಟ್ಟು ಬಂದಿದ್ದ ಹಸಿರು ಬಾಗಿಲ ಮನೆಯ ಮುಂದೆ ಗಾಡಿ ನಿಲ್ಲಿಸಿದಳು. ಇಳಿದು ಬಾನೆಟ್ ಎತ್ತಿದಳು. ಆಯಿಲ್ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ, ಬಿಸಿಲಿಗೆ ಹಿಡಿದು ಸಾವಕಾಶವಾಗಿ ನೋಡಿದಳು. ಓಣಿ ತುಂಬ ಜನ ಕೂಡಿದರು. ಹಸಿರು ಬಾಗಿಲು ಸ್ವಲ್ಪ ತೆರೆದು, ಹಾಗೆಯೇ ನಿಂತಿತು. ಅತ್ತಿ ಬಾನೆಟ್ ಮುಚ್ಚಿ, ಕೈ ಒರೆಸಿಕೊಂಡು ಬಂದು ಕೂತಳು. "ಆಯಿಲ್ ಬರೋಬ್ಬರಿ ಐತಿ" ಅಂದಳು ನನಗೆ. ನಾನು ಅವಳ ಮಗ್ಗುಲಲ್ಲಿ ಕೂತು ಓಣಿಯ ಹುಡುಗಿಯರನ್ನು ತಲೆ ಎತ್ತಿ ನೋಡಿದೆ. ಮರುದಿನ ಸಾಲೆಯಲ್ಲಿ "ಗ್ಯಾರೇಜಿನಾಕಿ" ಅಂದವಳಿಗೆ "ಹೌದು, ಏನೀಗ?" ಅಂದೆ.

ಆಮೇಲಿನದನ್ನು ಊರವರು ಬೇರೆ ರೀತಿ ಹೇಳುತ್ತಾರೆ. ನನ್ನ ಜಗಳ ಇರುವುದೇ ಅವರ ಜೊತೆ. ಅತ್ತಿ ಆ ಶೆಡ್ಡನ್ನು ನಾನು ಕಾಲೇಜು ಮುಗಿಸುವತನಕ ನಡೆಸಿದಳು. ಆಮೇಲೆ ರಸ್ತೆ ಅಗಲವಾಯಿತು, ಕೆಂಪು ಬಣ್ಣದ ಗೆರೆ ನಮ್ಮ ಶೆಡ್ಡನ್ನು ದಾಟಿ ಮನೆಯ ಪಡಸಾಲೆಯತನಕ ಬಂತು. ಯಂತ್ರ ಬಂದು ಅರ್ಧ ದಿನದಲ್ಲಿ ಎಲ್ಲ ಕೆಡವಿತು. ಅತ್ತಿ ಉಳಿದ ಒಂದು ಕೋಣೆಯ ಬಾಗಿಲಲ್ಲಿ ಕೂತು ಪಂಪು ರಿಪೇರಿ ಮಾಡಿದಳು, ಎದೆಯ ಕೆಮ್ಮು ಹತ್ತಿ ಕೆಲವು ವರ್ಷದ ಹಿಂದೆ ತೀರಿಕೊಂಡಳು. ಸಾಹುಕಾರರು ಅವಳಿಗಿಂತ ಮೊದಲೇ ಹೋದರು. ಅವರ ಮಕ್ಕಳು ಕೆಂಪು ಗಾಡಿಯನ್ನು ಯಾರಿಗೋ ಕೊಟ್ಟರು. "ಪಾಪ ಮಾಬೂಬಿ, ಇಷ್ಟೆಲ್ಲ ಒದ್ದಾಡಿದ್ದು ಏನ ಆತು? ಕಡಿಗೆ ಶೆಡ್ಡೂ ಉಳೀಲಿಲ್ಲ" ಎನ್ನುತ್ತಾರೆ ಜನ. ಪಾಪ ಅನ್ನಬೇಡಿ. ಶೆಡ್ಡು ಬಿದ್ದದ್ದು ಸರಕಾರದ ರಸ್ತೆಗೆ, ನಿಮ್ಮ ಮಾತಿಗಲ್ಲ. ಆ ಗಾಡಿ ಈಗ ಯಾವ ಊರಿನಲ್ಲಿ ಯಾರ ಕೈಯಲ್ಲಿದೆಯೋ ತಿಳಿಯದು. ಆದರೆ ಅದರ ಎದೆಯಲ್ಲಿ ಇರುವುದು ಅವಳು ಹಾಕಿದ ಜೋಡಿ ಚೈನು. ಅದನ್ನು ಬಿಚ್ಚಿದವನು ಆ ಎರಡು ಸ್ಕ್ರೂಗಳ ಮೇಲೆ ಬೆರಳಾಡಿಸಿ ಯಾರೋ ಪಕ್ಕಾ ಕೆಲಸ ಮಾಡಿದ್ದಾರೆ ಎಂದುಕೊಳ್ಳುತ್ತಾನೆ, ಅಂದುಕೊಳ್ಳಲೇಬೇಕು.

ಶೆಡ್ಡು ಕೆಡವುವ ದಿನ ನಾನು ಊರಲ್ಲಿದ್ದೆ. ಯಂತ್ರ ಬರುವ ಮೊದಲು ಎಲ್ಲರೂ ಪಾನಾ ಪೆಟ್ಟಿಗೆ, ಸುತ್ತಿಗೆ, ಬೈರಿಗೆ ಹೊತ್ತು ಹೊರಗೆ ಹಾಕುತ್ತಿದ್ದೆವು. ಅಪ್ಪ ಒಳಗೆ ಹೋದವನು ಎಲ್ಲ ಬಿಟ್ಟು ಪರಾತ ಎತ್ತಿಕೊಂಡು ಬಂದ, ಹಾಲು ತುಂಬಿದ್ದನ್ನು ಹಿಡಿದ ಹಾಗೆ ಎರಡೂ ಕೈಯಲ್ಲಿ. ಜೋಡಿ ಚೈನಿಗೆ ಅಡ್ಡ ಬಂದಿದ್ದ ಆ ಎರಡು ಬೋಲ್ಟುಗಳನ್ನು ಅತ್ತಿ ಗಾಡಿ ಚಾಲೂ ಆದ ದಿನವೇ ಒರೆಸಿ ಅಜ್ಜನ ಮಣ್ಣಿನಲ್ಲಿ ಅವುಗಳ ತೂತಿಗೇ ವಾಪಸು ಚುಚ್ಚಿದ್ದಳು. ಅಪ್ಪ ಅವನ್ನು ಅಷ್ಟು ವರ್ಷ ನೋಡಿದ್ದರೂ ಕೇಳಿರಲಿಲ್ಲ. ಅವತ್ತು ಕೇಳಿದ: "ಮಾಬೂ, ಇವೆರಡು ಎಲ್ಲಿ ಹಚ್ಚೂವು? ಗಾಡಿಗೆ ಹಚ್ಚೂದು ಉಳದಾವೇನು?"

ಅತ್ತಿ ಪರಾತದ ಅಂಚಿನಲ್ಲಿ ಒಣಗಿದ್ದ ಅಜ್ಜನ ಹೆಬ್ಬೆರಳ ಗುರುತಿನ ಮೇಲೆ ತನ್ನ ಹೆಬ್ಬೆರಳು ಇಟ್ಟಳು. "ಅವು ಎಲ್ಲೂ ಹತ್ತೂದಿಲ್ಲ ಅಣ್ಣಾ" ಅಂದಳು. "ಆದ್ರೂ ಕೀಳಬ್ಯಾಡ, ಅಬ್ಬಾ ಇಟ್ಟ ಜಾಗಾ ಅದು."

ಈ ಮಳೆಗಾಲವೂ ಮಣ್ಣು ಮೆತ್ತಗಾಗಿದೆ. ಬೆರಳಲ್ಲಿ ಎತ್ತಿದರೆ ಎರಡೂ ಬೋಲ್ಟು ಸಲೀಸಾಗಿ ಕೈಗೆ ಬರುತ್ತವೆ. ನಾನು ಎತ್ತಿಲ್ಲ.